ಅಮೆರಿಕದ ಅಧ್ಯಕ್ಷರ ಕಥೆ ಮಕ್ಕಳಿಗೆ ಹೇಳೋದು ಹೇಗೆ? ನಡುವಿನ ವರ್ಷಗಳನ್ನು ಮಾತ್ರ ಬಿಡಬೇಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವ ಹೈಸ್ಕೂಲಿಗೆ ಬೇಕಾದರೂ ಹೋಗಿ. ಭಾಷಣ ಸ್ಪರ್ಧೆ ಇದ್ದ ದಿನ ಒಬ್ಬರಾದರೂ ಅಬ್ರಹಾಂ ಲಿಂಕನ್ ಕಥೆ ಹೇಳಿಯೇ ಹೇಳುತ್ತಾರೆ. ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದ, ಒಲೆಯ ಬೆಳಕಲ್ಲಿ ಓದಿದ, ಸೋತ, ಮತ್ತೆ ಸೋತ, ಕೊನೆಗೆ ಅಧ್ಯಕ್ಷನಾದ. ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಬರುತ್ತದೆ.

ಆದರೆ ಲಿಂಕನ್ 22ನೇ ವಯಸ್ಸಿಗೆ ಮನೆ ಬಿಟ್ಟು ನ್ಯೂ ಸೇಲಂ ಅನ್ನೋ ಹಳ್ಳಿಗೆ ಬಂದದ್ದು 1831ರಲ್ಲಿ, ಅಧ್ಯಕ್ಷರಾಗಿ ಗೆದ್ದದ್ದು 1860ರಲ್ಲಿ. ನಡುವಿನ ಆ 29 ವರ್ಷ ಏನು ಮಾಡಿದರು? ಹೊಟ್ಟೆಗೆ ಏನು ಮಾಡಿಕೊಂಡರು? ಟಿಕೆಟ್ ಕೊಟ್ಟವರು ಯಾರು? ಇದನ್ನು ಯಾರೂ ಹೇಳುವುದಿಲ್ಲ. ನಾನು ಸಿಂಧನೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವನು. ನನ್ನ ಮುಂದೆ ಕೂರುವ ಮಕ್ಕಳಲ್ಲಿ ಬಹಳ ಮಂದಿ ಹತ್ತಿ ಬಿಡಿಸುವವರ, ಹಮಾಲಿ ಮಾಡುವವರ ಮಕ್ಕಳು. ಬಡತನ, ಆಮೇಲೆ ಶ್ರಮ, ಆಮೇಲೆ ಕುರ್ಚಿ ಅಂತ ಎರಡು ಹೆಜ್ಜೆಯಲ್ಲಿ ಕಥೆ ಮುಗಿಸಿದರೆ, ನಾಳೆ ಎಷ್ಟು ಶ್ರಮಪಟ್ಟರೂ ಬಾಗಿಲು ತೆರೆಯದಿದ್ದಾಗ ಆ ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಅದು ನನಗೆ ಸಹಿಸಲು ಆಗುವುದಿಲ್ಲ. ಬಾಗಿಲು ಎಲ್ಲಿತ್ತು, ಯಾರು ತೆರೆದರು, ಎಷ್ಟು ಸಲ ಮುಚ್ಚಿತು ಅನ್ನೋದನ್ನು ಅವರಿಗೆ ಹೇಳಬೇಕು.

ಹಾಗಾಗಿ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕರಿಗೆ, ಮನೆಯಲ್ಲಿ ಹೇಳಿಕೊಡುವ ಅಣ್ಣ ಅಕ್ಕಂದಿರಿಗೆ, ಜನವರಿ 25ರ ಮತದಾರರ ದಿನಕ್ಕೆ ಏನಾದರೂ ಹೊಸದು ಮಾತಾಡಬೇಕು ಅನ್ನುವ ಕಾಲೇಜು ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ಹುದ್ದೆಗಳನ್ನು ತಿಳಿದುಕೊಳ್ಳಿ

ಯಾರ ಕಥೆ ಅಂತ ಆರಿಸುವ ಮುಂಚೆಯೇ ಒಂದು ಗಂಟೆ ಇದಕ್ಕೆ ಕೊಡಿ. ಇಲ್ಲದಿದ್ದರೆ ಮುಂದೆ ಓದಿದ್ದೆಲ್ಲ ಗೊಂದಲ.

ದೊಡ್ಡ ಗೊಂದಲ ರಾಜ್ಯಪಾಲರದ್ದು. ನಮ್ಮಲ್ಲಿ ರಾಜ್ಯಪಾಲರನ್ನು ದೆಹಲಿಯಿಂದ ನೇಮಿಸುತ್ತಾರೆ. ಅಮೆರಿಕದಲ್ಲಿ ಗವರ್ನರ್ ಅಂದರೆ ಜನರೇ ಓಟು ಹಾಕಿ ಆರಿಸಿದ ವ್ಯಕ್ತಿ. ರಾಜ್ಯದ ಆಡಳಿತ ಪೂರ್ತಿ ಅವರ ಕೈಯಲ್ಲಿ. ನಮ್ಮ ಮುಖ್ಯಮಂತ್ರಿಗೆ ಹತ್ತಿರದ ಹುದ್ದೆ ಅದು. ಫ್ರಾಂಕ್ಲಿನ್ ರೂಸ್‌ವೆಲ್ಟ್ ನ್ಯೂಯಾರ್ಕ್‌ನಲ್ಲಿ, ಕಾರ್ಟರ್ ಜಾರ್ಜಿಯಾದಲ್ಲಿ, ರೇಗನ್ ಕ್ಯಾಲಿಫೋರ್ನಿಯಾದಲ್ಲಿ, ಕ್ಲಿಂಟನ್ ಅರ್ಕಾನ್ಸಾದಲ್ಲಿ ಗವರ್ನರ್ ಆಗಿದ್ದರು. ಇದನ್ನು ಹೇಳದೆ ಬರೀ 'ರಾಜ್ಯಪಾಲರಾಗಿದ್ದರು' ಅಂದರೆ ಮಕ್ಕಳು ಬೇರೆಯದೇ ಅರ್ಥ ಮಾಡಿಕೊಳ್ಳುತ್ತಾರೆ.

ಆಮೇಲೆ ಕಾಂಗ್ರೆಸ್ಸಿನ ಎರಡು ಸದನ. ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ನಮ್ಮ ಸಂಸತ್ತಿನಂಥದ್ದು. ಕೆಳಮನೆಯಲ್ಲಿ 435 ಸದಸ್ಯರು, ಎರಡೇ ವರ್ಷದ ಅವಧಿ. ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ, ಆರು ವರ್ಷದ ಅವಧಿ. 1913ರವರೆಗೆ ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. ಲಿಂಕನ್ ವಿಷಯಕ್ಕೆ ಬಂದಾಗ ಇದು ಬಹಳ ಮುಖ್ಯ.

ಮೂರನೆಯದು ಟಿಕೆಟ್. ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಯಿಂದ ಬರುತ್ತದೆ. ಅಲ್ಲಿ ಈಗ ಪಕ್ಷದ ಅಭ್ಯರ್ಥಿ ಯಾರು ಅನ್ನೋದಕ್ಕೇ ಜನ ಮೊದಲು ಓಟು ಹಾಕುತ್ತಾರೆ. ಹಿಂದೆ ಹಾಗಿರಲಿಲ್ಲ. ಪಕ್ಷದ ಮಹಾ ಅಧಿವೇಶನದಲ್ಲಿ ಪ್ರತಿನಿಧಿಗಳು ಸೇರಿ, ಒಬ್ಬರಿಗೆ ಬಹುಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತ ಹಾಕುತ್ತಿದ್ದರು. 1880ರಲ್ಲಿ ಜೇಮ್ಸ್ ಗಾರ್ಫೀಲ್ಡ್ ಶಿಕಾಗೋ ಅಧಿವೇಶನಕ್ಕೆ ಹೋದದ್ದು ಜಾನ್ ಶೆರ್ಮನ್ ಅನ್ನುವವರ ಹೆಸರು ಸೂಚಿಸಲು. ದೊಡ್ಡ ನಾಯಕರು ಯಾರೂ ಬಗ್ಗದೆ ಹಗ್ಗಜಗ್ಗಾಟ ನಡೆದು, 36ನೇ ಸುತ್ತಿನಲ್ಲಿ ಟಿಕೆಟ್ ಗಾರ್ಫೀಲ್ಡ್ ಅವರಿಗೇ ಬಂತು!

ಕೊನೆಯದು ಉಪಾಧ್ಯಕ್ಷ ಹುದ್ದೆ. ಎಂಟು ಅಧ್ಯಕ್ಷರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದಾರೆ, ಒಬ್ಬರು (ನಿಕ್ಸನ್, 1974) ರಾಜೀನಾಮೆ ಕೊಟ್ಟಿದ್ದಾರೆ. ಅಂದರೆ ಒಂಬತ್ತು ಜನ ಉಪಾಧ್ಯಕ್ಷರಿಗೆ ಕುರ್ಚಿ ಅವಧಿಯ ನಡುವೆ ಬಂದಿದೆ. ಅಧ್ಯಕ್ಷರಾದವರು ಒಟ್ಟು 45 ಜನ. ಅದರಲ್ಲಿ ಒಂಬತ್ತು ಅಂದರೆ ಸಣ್ಣ ಸಂಖ್ಯೆ ಅಲ್ಲ, ಅಲ್ವಾ?

ನಾಲ್ಕು ಕಾಲಂ ಎಳೆಯಿರಿ

ಒಂದು ದೊಡ್ಡ ಹಾಳೆ ತಗೊಳ್ಳಿ. ಡ್ರಾಯಿಂಗ್ ಶೀಟ್ ಆದರೆ ಇನ್ನೂ ಒಳ್ಳೆಯದು. ಮೊದಲ ಕಾಲಂನಲ್ಲಿ ವಯಸ್ಸು, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ಆ ವಯಸ್ಸಿನಲ್ಲಿ ಮಾಡುತ್ತಿದ್ದ ಕೆಲಸ ಅಥವಾ ಹುದ್ದೆ. ನಾಲ್ಕನೆಯದರಲ್ಲಿ ಅದು ಹೇಗೆ ಸಿಕ್ಕಿತು ಅಂತ ಬರೆಯಿರಿ: ಗೆದ್ದು ಬಂದದ್ದೋ, ಯಾರೋ ನೇಮಿಸಿದ್ದೋ, ಅಪ್ಪನ ಆಸ್ತಿಯೋ, ಬೇರೆಯವರು ಸತ್ತಿದ್ದರಿಂದ ಬಂದದ್ದೋ.

ನಾಲ್ಕನೇ ಕಾಲಂ ತುಂಬೋದು ಕಷ್ಟ. ಮಕ್ಕಳು ಮೊದಲ ಮೂರನ್ನು ಬೇಗ ಬರೆದು ಮುಗಿಸಿ ಕೂತುಬಿಡುತ್ತಾರೆ. 'ಶಾಸಕರಾದರು' ಅಂತ ಬರೆದರೆ ಸಾಲದು, 'ಯಾರ ಎದುರು, ಯಾರ ಬೆಂಬಲದಿಂದ' ಅಂತ ಕೇಳಿ. ಸಿಗದಿದ್ದರೆ ಜಾಗ ಖಾಲಿ ಬಿಡಲಿ. ಖಾಲಿ ಜಾಗ ಕಣ್ಣಿಗೆ ಬಿದ್ದರೆ ಏನು ಹುಡುಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಒಬ್ಬರನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ನನ್ನ ಆಯ್ಕೆ ಹ್ಯಾರಿ ಟ್ರೂಮನ್. ಜಪಾನಿನ ಮೇಲೆ ಅಣುಬಾಂಬ್ ಹಾಕಲು ಒಪ್ಪಿಗೆ ಕೊಟ್ಟವರು ಅಂತಷ್ಟೇ ನಮ್ಮ ಮಕ್ಕಳಿಗೆ ಗೊತ್ತು. ಅದು ಅವರಿಗೆ 61 ವರ್ಷ ಆದಾಗಿನ ಮಾತು. ಅದಕ್ಕೆ ಹಿಂದಿನ ಬದುಕಿನಲ್ಲಿ ನಮ್ಮ ಕಡೆಯ ಮಕ್ಕಳಿಗೆ ಕೂಡಲೇ ಅರ್ಥ ಆಗುವಂಥದ್ದು ತುಂಬಾ ಇದೆ.

ಹುಟ್ಟಿದ್ದು 1884ರಲ್ಲಿ, ಮಿಸ್ಸೌರಿ ರಾಜ್ಯದ ಲಾಮಾರ್ ಅನ್ನೋ ಊರಲ್ಲಿ. ಅಪ್ಪ ರೈತ, ಹೇಸರಗತ್ತೆ ವ್ಯಾಪಾರವೂ ಇತ್ತು. ಧಾನ್ಯದ ಸಟ್ಟಾ ವ್ಯವಹಾರದಲ್ಲಿ ಅಪ್ಪ ದುಡ್ಡು ಕಳೆದುಕೊಂಡಿದ್ದರಿಂದ ಮಗನ ಕಾಲೇಜು ಕನಸು ಅಲ್ಲಿಗೇ ನಿಂತಿತು. ಎಪಿಎಂಸಿ ಯಾರ್ಡಿನ ಸುತ್ತ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರೂಮನ್ ಹತ್ತಿರ ಕಾಲೇಜು ಪದವಿ ಇರಲಿಲ್ಲ. ಕಾನ್ಸಾಸ್ ಸಿಟಿಯ ಬ್ಯಾಂಕುಗಳಲ್ಲಿ ಗುಮಾಸ್ತರಾಗಿದ್ದು, 1906ರಲ್ಲಿ ಹೊಲಕ್ಕೆ ವಾಪಸ್ ಬಂದರು. ಹತ್ತು ವರ್ಷಕ್ಕಿಂತ ಜಾಸ್ತಿ ಒಕ್ಕಲುತನ ಮಾಡಿದರು. ದೃಷ್ಟಿ ಬಹಳ ಮಂದ, ದಪ್ಪ ಕನ್ನಡಕ. ಆದರೂ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಫಿರಂಗಿ ದಳದ ಒಂದು ತುಕಡಿಗೆ ಕ್ಯಾಪ್ಟನ್ ಆದರು.

ಈ ಸೈನ್ಯದ ಭಾಗವನ್ನು ನಿಧಾನವಾಗಿ ಹೇಳಿ, ಯಾಕೆಂದರೆ ಮುಂದಿನದ್ದೆಲ್ಲ ಅಲ್ಲಿಂದ ಹೊರಡುತ್ತದೆ. ಯುದ್ಧ ಮುಗಿದ ಮೇಲೆ ಸೈನ್ಯದ ಗೆಳೆಯ ಎಡ್ಡಿ ಜೇಕಬ್ಸನ್ ಜೊತೆ ಕಾನ್ಸಾಸ್ ಸಿಟಿಯಲ್ಲಿ ಗಂಡಸರ ಬಟ್ಟೆ ಅಂಗಡಿ ತೆಗೆದರು. ಬೆಲೆ ಕುಸಿಯಿತು, ಗಿರಾಕಿ ಕಡಿಮೆಯಾದರು, 1922ರಲ್ಲಿ ಅಂಗಡಿ ಮುಚ್ಚಿತು. ಟ್ರೂಮನ್ ದಿವಾಳಿ ಅರ್ಜಿ ಹಾಕಲಿಲ್ಲ, ಎಷ್ಟೋ ವರ್ಷ ಸಾಲ ತೀರಿಸುತ್ತಾ ಬಂದರು. ಅದೇ ಸೈನ್ಯದಲ್ಲಿ ಜಿಮ್ ಪೆಂಡರ್‌ಗಾಸ್ಟ್ ಅನ್ನೋ ಯುವಕ ಪರಿಚಯವಾಗಿದ್ದ. ಅವನ ಚಿಕ್ಕಪ್ಪ ಟಾಮ್ ಪೆಂಡರ್‌ಗಾಸ್ಟ್ ಕಾನ್ಸಾಸ್ ಸಿಟಿಯ ದೊಡ್ಡ ಪುಢಾರಿ. ಯಾರಿಗೆ ಟಿಕೆಟ್, ಯಾರಿಗೆ ಗುತ್ತಿಗೆ, ಯಾರಿಗೆ ನೌಕರಿ ಅನ್ನೋದೆಲ್ಲ ಆತನ ಮಾತಿನಂತೆ ನಡೆಯುತ್ತಿತ್ತು. ಅಂಗಡಿ ಮುಚ್ಚಿದ ವರ್ಷವೇ ಆ ಬಣ ಟ್ರೂಮನ್ ಅವರನ್ನು ಜಾಕ್ಸನ್ ಕೌಂಟಿಯ ಆಡಳಿತ ಹುದ್ದೆಗೆ ನಿಲ್ಲಿಸಿ ಗೆಲ್ಲಿಸಿತು. ಆ ಹುದ್ದೆಯವರನ್ನು ಅಲ್ಲಿ ಜಡ್ಜ್ ಅಂತ ಕರೆಯುತ್ತಿದ್ದರು, ಆದರೆ ಕೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ರಸ್ತೆ, ಕಟ್ಟಡ, ತೆರಿಗೆ ಹಣದ ಲೆಕ್ಕ, ಹೆಚ್ಚು ಕಡಿಮೆ ನಮ್ಮ ಜಿಲ್ಲಾ ಪಂಚಾಯಿತಿಯ ಕೆಲಸ. 1924ರಲ್ಲಿ ಸೋತರು. 1926ರಲ್ಲಿ ಅದೇ ಮಂಡಳಿಯ ಮುಖ್ಯಸ್ಥರಾಗಿ ಗೆದ್ದು ಬಂದರು. ಕೌಂಟಿ ತುಂಬಾ ಕಾಂಕ್ರೀಟ್ ರಸ್ತೆ ಮಾಡಿಸಿದರು. ಕೆಲಸ ಗಟ್ಟಿಯಾಗಿತ್ತು, ಸ್ವಂತ ಜೇಬಿಗೆ ದುಡ್ಡು ಹಾಕಿಕೊಳ್ಳಲಿಲ್ಲ.

1934ರಲ್ಲಿ ಸೆನೆಟ್‌ಗೆ ನಿಲ್ಲಲು ಪೆಂಡರ್‌ಗಾಸ್ಟ್ ಮೊದಲು ಬೇರೆಯವರನ್ನು ಕೇಳಿದ್ದರು. ಅವರು ಒಲ್ಲೆ ಅಂದ ಮೇಲೆ ಟಿಕೆಟ್ ಟ್ರೂಮನ್ ಬಳಿಗೆ ಬಂತು. ಗೆದ್ದರು. 1939ರಲ್ಲಿ ಪೆಂಡರ್‌ಗಾಸ್ಟ್ ತೆರಿಗೆ ವಂಚನೆಗಾಗಿ ಜೈಲಿಗೆ ಹೋದರು. ಮರುವರ್ಷ ಪಕ್ಷದ ಒಳಗಿನ ಚುನಾವಣೆಯಲ್ಲಿ ಟ್ರೂಮನ್ ಉಳಿದುಕೊಂಡದ್ದು ಸುಮಾರು 8,000 ಮತಗಳ ಅಂತರದಲ್ಲಿ. 1941ರಿಂದ ಯುದ್ಧದ ಖರ್ಚಿನಲ್ಲಿ ನಡೆಯುವ ಪೋಲು, ಕಳಪೆ ಕೆಲಸ ಹುಡುಕುವ ಸೆನೆಟ್ ಸಮಿತಿ ನಡೆಸಿ ದೇಶಕ್ಕೆಲ್ಲ ಗೊತ್ತಾದರು. 1944ರಲ್ಲಿ ಪಕ್ಷದ ನಾಯಕರು ಆಗಿನ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಅವರನ್ನು ಬಿಟ್ಟು ಇವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ತಂದರು. ಅಧಿಕಾರ ವಹಿಸಿಕೊಂಡು 82 ದಿನ ಆಗಿತ್ತು ಅಷ್ಟೇ, 1945ರ ಏಪ್ರಿಲ್ 12ರಂದು ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡರು, ಕುರ್ಚಿ ಟ್ರೂಮನ್ ಅವರಿಗೆ ಬಂತು.

ಈಗ ನಾಲ್ಕನೇ ಕಾಲಂ ಮಾತ್ರ ಮೇಲಿನಿಂದ ಕೆಳಗೆ ಓದಿಸಿ. ಅಪ್ಪನ ನಷ್ಟ, ಸೈನ್ಯದ ಗೆಳೆತನ, ಪುಢಾರಿಯ ಬೆಂಬಲ, ಒಳ್ಳೆಯ ರಸ್ತೆ, ಬೇರೆಯವರು ಬೇಡ ಅಂದ ಟಿಕೆಟ್, ಒಬ್ಬರ ಸಾವು. ಹುಡುಗರು ಕೂಡಲೇ ಕೇಳುತ್ತಾರೆ: ಕೆಟ್ಟವರ ಬೆಂಬಲದಿಂದ ಬಂದವರು ಒಳ್ಳೆಯ ಕೆಲಸ ಮಾಡಬಹುದಾ ಸರ್? ಇದು ನಮ್ಮ ತಾಲೂಕಿಗೂ ಸೇರಿದ ಪ್ರಶ್ನೆ. ಉತ್ತರ ನೀವೇ ಕೊಡಬೇಡಿ, ಅವರೇ ಜಗಳಾಡಲಿ.

ಸೋಲಿನ ಪಟ್ಟಿಯ ಬಗ್ಗೆ ಎಚ್ಚರ

ಲಿಂಕನ್ ಸೋಲುಗಳ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ, ಶಾಲೆಯ ಗೋಡೆಯ ಮೇಲೆ ಎಲ್ಲ ಕಡೆ ಇದೆ. ವ್ಯಾಪಾರದಲ್ಲಿ ಸೋಲು, 1832ರಲ್ಲಿ ಸೋಲು, ಸೆನೆಟ್‌ನಲ್ಲಿ ಸೋಲು, 1860ರಲ್ಲಿ ಅಧ್ಯಕ್ಷ. ಅದರಲ್ಲಿನ ಸೋಲುಗಳಲ್ಲಿ ಎಷ್ಟೋ ನಿಜ. ಗೆಲುವುಗಳನ್ನು ಮಾತ್ರ ಕಿತ್ತು ಹಾಕಿದ್ದಾರೆ. 1834ರಿಂದ ಸತತ ನಾಲ್ಕು ಸಲ ಅವರು ಇಲಿನಾಯ್ ರಾಜ್ಯದ ಶಾಸಕರಾಗಿ ಗೆದ್ದರು. 1836ರಲ್ಲಿ ವಕೀಲಿಕೆಯ ಪರವಾನಗಿ ಬಂತು. 1846ರಲ್ಲಿ ಕಾಂಗ್ರೆಸ್ಸಿಗೆ ಗೆದ್ದರು. 1850ರ ದಶಕದ ಹೊತ್ತಿಗೆ ರೈಲ್ವೆ ಕಂಪನಿಗಳ ಪರ ವಾದಿಸುವ ದೊಡ್ಡ ವಕೀಲರು, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ವಂತ ಮನೆ. 1860ರಲ್ಲಿ ಟಿಕೆಟ್ ಕೇಳಿದ್ದು ಬಡ ಸೌದೆ ಸೀಳುವವರಲ್ಲ, ಇಂಥ ವಕೀಲರು. 'ಸೌದೆ ಸೀಳಿದವರು' ಅನ್ನೋ ಹೆಸರನ್ನು ಅದೇ ವರ್ಷ ಮೇ ತಿಂಗಳಲ್ಲಿ ಡಿಕೇಟರ್‌ನ ಪಕ್ಷದ ಸಭೆಯಲ್ಲಿ ಬೆಂಬಲಿಗರು ಕೊಟ್ಟರು. ಲಿಂಕನ್ ಹಿಂದೆ ಸೀಳಿದ್ದು ಅಂತ ಹೇಳಿ ಎರಡು ಬೇಲಿ ಮರಗಳನ್ನು ಸಭೆಗೇ ಹೊತ್ತು ತಂದಿದ್ದರು. ಅವರು ಹುಡುಗನಾಗಿದ್ದಾಗ ಮರ ಸೀಳಿದ್ದು ನಿಜ. ಅದನ್ನು ಚುನಾವಣೆಗೆ ಹೊರತೆಗೆದದ್ದೂ ನಿಜ. ಎರಡನ್ನೂ ಹೇಳಿ.

ಇನ್ನು 1858ರ ಸೆನೆಟ್ ಸೋಲು. ಸ್ಟೀಫನ್ ಡಗ್ಲಸ್ ಜೊತೆ ಏಳು ಊರುಗಳಲ್ಲಿ ಏಳು ಬಹಿರಂಗ ಚರ್ಚೆ ನಡೆದವು. ವಿಷಯ ಒಂದೇ: ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬೇಕೋ ಬೇಡವೋ. ಆಗ ಸೆನೆಟರ್ ಆರಿಸುತ್ತಿದ್ದದ್ದು ಶಾಸಕರು ಅಂದೆನಲ್ಲ, ಅವರಲ್ಲಿ 54 ಮತ ಡಗ್ಲಸ್‌ಗೆ, 46 ಲಿಂಕನ್‌ಗೆ. ಸೋತರು. ಆದರೆ ಚರ್ಚೆಗಳು ಪತ್ರಿಕೆಗಳಲ್ಲಿ ಪೂರ್ತಿ ಅಚ್ಚಾಗಿ ದೇಶ ಓದಿತ್ತು. ಎರಡು ವರ್ಷದ ನಂತರ ಶಿಕಾಗೋ ಅಧಿವೇಶನದಲ್ಲಿ, ಗೆದ್ದೇ ಗೆಲ್ಲುತ್ತಾರೆ ಅಂದುಕೊಂಡಿದ್ದ ವಿಲಿಯಂ ಸೀವರ್ಡ್ ಅವರನ್ನು ದಾಟಿ ಮೂರನೇ ಸುತ್ತಿನಲ್ಲಿ ಟಿಕೆಟ್ ಪಡೆದರು. ಚುನಾವಣೆಯಲ್ಲಿ ನಾಲ್ಕು ಜನ ನಿಂತಿದ್ದರು, ಎದುರಿನ ಮತಗಳು ಹಂಚಿಹೋದವು, ಲಿಂಕನ್ ಅವರಿಗೆ ಬಂದದ್ದು ಶೇಕಡಾ 40ರಷ್ಟು ಜನಮತ.

ಸೋತರೂ ಹೆಸರು ಬೆಳೆಯೋದು ಹೇಗೆ ಅಂತ ಮಕ್ಕಳು ಕೇಳಿದರೆ ದೂರ ಹೋಗಬೇಕಿಲ್ಲ. 1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತಿದ್ದರು. ಕನ್ನಡ ಕಲಿತು ಭಾಷಣ ಮಾಡಿದರು, ಸೋತರು. ಇವತ್ತಿಗೂ ಬಳ್ಳಾರಿಯ ಹಿರಿಯರು ಆ ಚುನಾವಣೆ ನೆನೆದರೆ ಇಬ್ಬರ ಹೆಸರನ್ನೂ ಹೇಳುತ್ತಾರೆ.

ಸೋಲಿನಲ್ಲಿ ಬೇರೆ ಬೇರೆ ಬಗೆ ಇದೆ, ಅದನ್ನು ವಿಂಗಡಿಸಲು ಕಲಿಸಿ. ಕ್ಲಿಂಟನ್ 32ನೇ ವಯಸ್ಸಿಗೆ ಅರ್ಕಾನ್ಸಾ ಗವರ್ನರ್ ಆಗಿ ಗೆದ್ದು, ಎರಡೇ ವರ್ಷಕ್ಕೆ 1980ರಲ್ಲಿ ಸೋತು, 1982ರಲ್ಲಿ ಮತ್ತೆ ಅದೇ ಕುರ್ಚಿ ಗೆದ್ದರು. ಒಬಾಮಾ 2000ದಲ್ಲಿ ಶಿಕಾಗೋದಲ್ಲಿ ಕೆಳಮನೆಯ ಟಿಕೆಟ್‌ಗೆ ಬಾಬಿ ರಶ್ ಎದುರು ಪಕ್ಷದ ಒಳಗೇ ಸೋತರು. ನಾಲ್ಕು ವರ್ಷಕ್ಕೆ ಸೆನೆಟರ್, ಎಂಟು ವರ್ಷಕ್ಕೆ ಅಧ್ಯಕ್ಷ. ನಿಕ್ಸನ್ 1960ರಲ್ಲಿ ಅಧ್ಯಕ್ಷ ಸ್ಥಾನಕ್ಕೂ 1962ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಸ್ಥಾನಕ್ಕೂ ಸೋತು, 1968ರಲ್ಲಿ ಗೆದ್ದರು. ಪ್ರತಿಯೊಂದರಲ್ಲೂ ಕೇಳಬೇಕಾದದ್ದು ಇಷ್ಟೇ: ಸೋತ ಮಾರನೇ ವರ್ಷ ಏನು ಮಾಡಿದರು?

ನಮ್ಮ ಮಣ್ಣಿನ ಕೊಂಡಿ ಹುಡುಕಿ

ಇದು ನನಗೆ ಬಹಳ ಇಷ್ಟದ ಭಾಗ. ಶೇಂಗಾ ಬೆಳೆಯುವ ಊರಿನ ಮಕ್ಕಳಿಗೆ ಜಿಮ್ಮಿ ಕಾರ್ಟರ್ ಹೇಳಿ. 1924ರಲ್ಲಿ ಜಾರ್ಜಿಯಾದ ಪ್ಲೇನ್ಸ್ ಅನ್ನೋ ಪುಟ್ಟ ಊರಲ್ಲಿ ಹುಟ್ಟಿದವರು. ನೌಕಾಪಡೆಯ ಅಕಾಡೆಮಿಯಲ್ಲಿ ಓದಿ ಜಲಾಂತರ್ಗಾಮಿಯಲ್ಲಿ ಅಧಿಕಾರಿಯಾಗಿದ್ದರು. 1953ರಲ್ಲಿ ಅಪ್ಪ ತೀರಿಕೊಂಡಾಗ ಕೆಲಸ ಬಿಟ್ಟು ಶೇಂಗಾ ವ್ಯವಹಾರ ನೋಡಿಕೊಳ್ಳಲು ಊರಿಗೆ ಬಂದರು. 1962ರಲ್ಲಿ ರಾಜ್ಯದ ಸೆನೆಟ್‌ಗೆ ನಿಂತಾಗ ಆ ಕ್ಷೇತ್ರದ ಕ್ವಿಟ್‌ಮನ್ ಕೌಂಟಿಯಲ್ಲಿ ಅಲ್ಲಿನ ಪುಢಾರಿ ಮತದಾನವನ್ನೇ ಕೆಡಿಸಿದ್ದ. ಸತ್ತವರ, ಜೈಲಿನಲ್ಲಿದ್ದವರ ಹೆಸರಲ್ಲೂ ಮತ ಬಿದ್ದಿತ್ತು. ಕಾರ್ಟರ್ ಬಿಡಲಿಲ್ಲ, ಪತ್ರಿಕೆಯವರನ್ನು ಕರೆತಂದರು, ಕೋರ್ಟಿಗೆ ಹೋದರು, ಆ ಪೆಟ್ಟಿಗೆಯ ಮತಗಳು ರದ್ದಾಗಿ ಇವರು ಗೆದ್ದರು. 1966ರಲ್ಲಿ ಗವರ್ನರ್ ಆಗಲು ಹೋಗಿ ಸೋತು, 1970ರಲ್ಲಿ ಗೆದ್ದು, 1976ರಲ್ಲಿ ಅಧ್ಯಕ್ಷರಾದರು. ಮತದಾರರ ದಿನಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗಂತೂ ಗೊತ್ತಿಲ್ಲ.

ಸಂಡೂರು, ಹಟ್ಟಿ ಕಡೆಯವರಾದರೆ ಹರ್ಬರ್ಟ್ ಹೂವರ್. ಒಂಬತ್ತು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ. ಅಯೋವಾ ರಾಜ್ಯದಿಂದ ದೂರದ ಓರೆಗಾನ್‌ಗೆ, ಮಾವನ ಮನೆಗೆ ಹೋಗಿ ಬೆಳೆದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಬ್ಯಾಚಿನಲ್ಲಿ ಭೂವಿಜ್ಞಾನ ಓದಿದ. 22ನೇ ವಯಸ್ಸಿಗೆ ಪಶ್ಚಿಮ ಆಸ್ಟ್ರೇಲಿಯಾದ ಮರಳುಗಾಡಿನ ಚಿನ್ನದ ಗಣಿಗಳಿಗೆ ಎಂಜಿನಿಯರ್. ಅಲ್ಲಿಂದ ಚೀನಾ. ಹಟ್ಟಿಯಲ್ಲಿ ಗಣಿಯೊಳಗೆ ಇಳಿಯುವವರ ಮಕ್ಕಳಿಗೆ ಶಾಫ್ಟ್ ಅಂದರೇನು, ಪಾಳಿ ಅಂದರೇನು ಅಂತ ನೀವು ಹೇಳಬೇಕಿಲ್ಲ, ಅವರೇ ನಿಮಗೆ ಹೇಳುತ್ತಾರೆ. ಹೂವರ್ ಅಧ್ಯಕ್ಷರಾಗುವ ಮುಂಚೆ ಒಂದೇ ಒಂದು ಚುನಾವಣೆ ಗೆದ್ದವರಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಜನರಿಗೆ ಆಹಾರ ಮುಟ್ಟಿಸಿದ್ದರಿಂದ ಹೆಸರು ಬಂತು, 1921ರಲ್ಲಿ ವಾಣಿಜ್ಯ ಮಂತ್ರಿ ಆದರು, 1928ರಲ್ಲಿ ನೇರ ಅಧ್ಯಕ್ಷ ಚುನಾವಣೆ. ಟೇಲರ್, ಗ್ರಾಂಟ್, ಐಸೆನ್‌ಹೋವರ್, ಟ್ರಂಪ್ ಕೂಡ ಮೊದಲು ಯಾವ ಚುನಾಯಿತ ಹುದ್ದೆಯಲ್ಲೂ ಇರಲಿಲ್ಲ. ಇವರಲ್ಲಿ ಮೊದಲ ಮೂವರು ಸೇನಾನಾಯಕರು.

ಗಂಗಾವತಿ, ಕಾರಟಗಿ, ಸಿರುಗುಪ್ಪದ ಮಕ್ಕಳಿಗೆ ಕಾಲುವೆ ಅಂದರೆ ತುಂಗಭದ್ರೆಯ ನೀರು, ಭತ್ತದ ಗದ್ದೆ. ಗಾರ್ಫೀಲ್ಡ್ 16ನೇ ವಯಸ್ಸಿನಲ್ಲಿ ಕಾಲುವೆಯಲ್ಲಿ ಕೆಲಸ ಮಾಡಿದ ಅಂದಾಗ ಅವರು ಗೇಟ್ ಎತ್ತುವ ಸೌಡಿ ಕೆಲಸ ಅಂದುಕೊಳ್ಳುತ್ತಾರೆ. ಓಹಾಯೋದ ಕಾಲುವೆ ಸರಕು ಸಾಗಿಸಲು ಇದ್ದದ್ದು. ಹೇಸರಗತ್ತೆಗಳಿಗೆ ಹಗ್ಗ ಕಟ್ಟಿ ದಂಡೆಯ ಮೇಲೆ ನಡೆಸುತ್ತಾ ದೋಣಿ ಎಳೆಸುತ್ತಿದ್ದರು. ಆ ಹೇಸರಗತ್ತೆ ಹೊಡೆಯುವ ಹುಡುಗನೇ ಗಾರ್ಫೀಲ್ಡ್. ಮುಂದೆ ಹೈರಂ ಊರಿನ ವಿದ್ಯಾಲಯದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾ ಓದಿ, ಅಲ್ಲಿಯೇ ಶಿಕ್ಷಕನಾಗಿ, 1863ರಿಂದ 17 ವರ್ಷ ಕಾಂಗ್ರೆಸ್ ಸದಸ್ಯ. ಬೋರ್ಡಿನ ಮೇಲೆ ಕಾಲುವೆ, ದೋಣಿ, ದಂಡೆ ಒಂದು ಚಿತ್ರ ಬರೆದರೆ ಸಾಕು.

ಶಿಕ್ಷಕರಾದ ನಿಮಗಾಗಿ ಲಿಂಡನ್ ಜಾನ್ಸನ್. ಟೆಕ್ಸಾಸ್‌ನ ಒಣ ಬೆಟ್ಟಸೀಮೆಯವರು. 1928ರಲ್ಲಿ ಕೊಟುಲ್ಲಾ ಅನ್ನೋ ಊರಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದರು. ಹಸಿದು ಬರುತ್ತಿದ್ದ ಆ ಮಕ್ಕಳನ್ನು 1965ರ ಮತದಾನ ಹಕ್ಕಿನ ಭಾಷಣದಲ್ಲಿ ನೆನೆದರು. ಕಾಂಗ್ರೆಸ್ ಸದಸ್ಯರಾದ ಮೇಲೆ ತಮ್ಮ ಸೀಮೆಯ ಹಳ್ಳಿಗಳಿಗೆ ಕರೆಂಟ್ ತರಿಸಿದರು. ಹಾಗೆಯೇ, 1948ರಲ್ಲಿ ಸೆನೆಟ್ ಟಿಕೆಟ್ ಗೆದ್ದದ್ದು ಬರೀ 87 ಮತಗಳಿಂದ, ಅದೂ ಒಂದು ಪೆಟ್ಟಿಗೆಗೆ ದಿನಗಳ ನಂತರ ಸೇರಿದ ಸುಮಾರು 200 ಮತಗಳಿಂದ. ಆ ಹೆಸರುಗಳು ಒಂದೇ ಶಾಯಿಯಲ್ಲಿ, ಅಕ್ಷರ ಕ್ರಮದಲ್ಲಿದ್ದವು. ಒಬ್ಬರೇ ವ್ಯಕ್ತಿ, ಎರಡೂ ನಿಜ. ಮಕ್ಕಳಿಂದ ಯಾವುದನ್ನೂ ಮುಚ್ಚಿಡಬೇಡಿ.

ಕಟ್ಟುಕಥೆ ಸೋಸುವುದು

ಮೂರು ಕಥೆಗಳನ್ನು ಮೊದಲೇ ತೆಗೆದುಹಾಕಿ. ವಾಷಿಂಗ್ಟನ್ ಚೆರ್ರಿ ಮರ ಕಡಿದು ಅಪ್ಪನ ಮುಂದೆ ನಿಜ ಹೇಳಿದ ಕಥೆಯನ್ನು, ಅವರು ತೀರಿಕೊಂಡ ಮೇಲೆ ವೀಮ್ಸ್ ಅನ್ನೋ ಪಾದ್ರಿ ಬರೆದು ಹಬ್ಬಿಸಿದ್ದು. ಲಿಂಕನ್ ಮಗನ ಶಿಕ್ಷಕರಿಗೆ ಬರೆದ ಪತ್ರ ಅಂತ ನಮ್ಮ ಶಾಲೆಗಳಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದೇವಲ್ಲ, ಅಂಥ ಪತ್ರ ಅವರ ಕಾಗದಪತ್ರಗಳಲ್ಲಿ ಎಲ್ಲೂ ಇಲ್ಲ. ಅದರ ಮಾತುಗಳು ಚೆನ್ನಾಗಿವೆ, ಗೋಡೆಯ ಮೇಲೆ ಇರಲಿ, ಲಿಂಕನ್ ಹೆಸರು ಮಾತ್ರ ತೆಗೆಯಿರಿ.

ಮೂರನೆಯದು ಗುಡಿಸಲಿನ ಕಥೆಯೇ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಮರದ ದಿಮ್ಮಿ ಮನೆಯ ಸಾಮಾನ್ಯ ಮನುಷ್ಯ ಅಂತ ಊರೂರಿಗೆ ಮೆರವಣಿಗೆ ಮಾಡಿ ಗೆಲ್ಲಿಸಿದರು. ಅವರು ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಜಮೀನ್ದಾರಿ ಮನೆಯಲ್ಲಿ, ಅಪ್ಪ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. ಎದುರಾಳಿ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರನ್ನು ಶೋಕಿಯ ಶ್ರೀಮಂತ ಅಂತ ಬೈದರು. ಅವರು ಕಿಂಡರ್‌ಹುಕ್ ಅನ್ನೋ ಹಳ್ಳಿಯ ಹೋಟೆಲಿನವರ ಮಗ! ಆವತ್ತಿನಿಂದ ಗುಡಿಸಲು ಅಮೆರಿಕದ ಚುನಾವಣೆಯಲ್ಲಿ ಓಟು ತರುವ ಸರಕಾಯಿತು. ಗುಡಿಸಲು ಕಂಡಲ್ಲೆಲ್ಲ, ಅದನ್ನು ಯಾರು ಯಾವ ವರ್ಷ ಹೇಳಿದ್ದು ಅಂತ ನೋಡಿ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಕಥೆ ಸುಳ್ಳಾಗುತ್ತದೆ. ವಾಷಿಂಗ್ಟನ್‌ಗೆ 11 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು, ಆಸ್ತಿಯ ಜೊತೆ ಹತ್ತು ಜನ ಗುಲಾಮರು ಆ ಹುಡುಗನ ಪಾಲಿಗೆ ಬಂದರು. ಆಂಡ್ರ್ಯೂ ಜಾನ್ಸನ್ ಶಾಲೆಯ ಮುಖ ಕಂಡವರಲ್ಲ, ದರ್ಜಿಯ ಹತ್ತಿರ ಜೀತದಂಥ ಕರಾರಿನಲ್ಲಿ ಕೆಲಸ ಕಲಿಯುತ್ತಿದ್ದು ಓಡಿಹೋದಾಗ, ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಅಂತ ಯಜಮಾನ ಜಾಹೀರಾತು ಹಾಕಿದ್ದ. ಹೆಂಡತಿ ಎಲೈಜಾ ಅವರಿಗೆ ಬರೆಯುವುದನ್ನು ಚೆನ್ನಾಗಿ ಕಲಿಸಿದರು. ಪುರಸಭೆಯಿಂದ ಹಿಡಿದು ಉಪಾಧ್ಯಕ್ಷ ಸ್ಥಾನದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಅಂಥವರೇ ಮುಂದೆ ಗುಲಾಮರನ್ನು ಕೊಂಡರು, ಅಧ್ಯಕ್ಷರಾಗಿ ಬಿಡುಗಡೆಯಾದ ಕಪ್ಪು ಜನರ ಹಕ್ಕಿಗೆ ಅಡ್ಡ ನಿಂತರು. ಜಾತಿಯ ನೋವು ಗೊತ್ತಿರುವ ನಮ್ಮ ಮಕ್ಕಳು ಈ ಭಾಗವನ್ನು ಬಹಳ ಗಮನದಿಂದ ಕೇಳುತ್ತಾರೆ. ಬಿಳಿ ಗಂಡಸರಿಗೆ ಮಾತ್ರ ಆ ಮೆಟ್ಟಿಲುಗಳು ಇದ್ದವು. ಮೊದಲ ಕಪ್ಪು ಅಧ್ಯಕ್ಷರು ಗೆಲ್ಲಲು 2008ರವರೆಗೆ ಕಾಯಬೇಕಾಯಿತು, ಹೆಣ್ಣುಮಗಳು ಇನ್ನೂ ಆಗಿಲ್ಲ.

ಎಲ್ಲಿ ಓದಬೇಕು, ಹೇಗೆ ಹೇಳಬೇಕು

ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಜಾಲತಾಣದಲ್ಲಿ ಪ್ರತಿ ಅಧ್ಯಕ್ಷರ ಬಗ್ಗೆಯೂ ಅಧಿಕಾರಕ್ಕೆ ಮುಂಚಿನ ಬದುಕು ಅಂತ ಬೇರೆ ಭಾಗವೇ ಇದೆ, ದುಡ್ಡು ಕೊಡಬೇಕಿಲ್ಲ. ಹೂವರ್ ನಂತರದವರಿಗೆ ಅವರವರ ಹೆಸರಿನ ಗ್ರಂಥಾಲಯಗಳ ತಾಣಗಳಿವೆ, ಬಾಲ್ಯದ ಫೋಟೊಗಳೂ ಸಿಗುತ್ತವೆ. ಹಳಬರ ಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿವೆ. ಇಂಗ್ಲಿಷ್ ಕಷ್ಟವಾದರೆ ಮೊಬೈಲಿನಲ್ಲಿ ಅನುವಾದ ಮಾಡಿಕೊಳ್ಳಿ, ಆದರೆ ಹುದ್ದೆಯ ಹೆಸರು ಮತ್ತು ಇಸವಿಯನ್ನು ಮೂಲದಲ್ಲಿ ಇನ್ನೊಮ್ಮೆ ನೋಡಿ, ಅಲ್ಲೇ ಹೆಚ್ಚು ತಪ್ಪಾಗೋದು. ಒಂದೇ ಸಂಗತಿ ಎರಡು ಕಡೆ ಒಂದೇ ಥರ ಸಿಕ್ಕರೆ ಮಾತ್ರ ಹಾಳೆಯ ಮೇಲೆ ಬರೆಯಿರಿ.

ಐದು ನಿಮಿಷದ ಭಾಷಣವಾದರೆ ಬಾಲ್ಯಕ್ಕೆ ಒಂದೇ ನಿಮಿಷ. ಮೂರು ನಿಮಿಷ ನಡುವಿನ ವರ್ಷಗಳಿಗೆ. ಕೊನೆಯ ನಿಮಿಷ ಕುರ್ಚಿ ಹೇಗೆ ಬಂತು ಅನ್ನೋದಕ್ಕೆ, ಪ್ರಮಾಣವಚನದ ಹತ್ತಿರ ನಿಲ್ಲಿಸಿಬಿಡಿ. ಇಸವಿಗಳು ನಾಲ್ಕೈದು ಸಾಕು, ಬದಲಿಗೆ ವಯಸ್ಸು ಹೇಳಿ, ಕೇಳುವ ಮಕ್ಕಳಿಗೆ ಅದು ಬೇಗ ತಾಗುತ್ತದೆ. ಹೆಸರುಗಳೂ ಅಷ್ಟೇ, ಕಥೆ ತಿರುಗಿಸಿದ ಇಬ್ಬರು ಮೂವರ ಹೆಸರು ಇದ್ದರೆ ಸಾಕು. ಹಾಳೆಯನ್ನು ಕೈಯಲ್ಲಿ ಹಿಡಿದು ತೋರಿಸಲು ಬಿಡಿ, ಬಾಯಿಪಾಠ ಮಾಡಿಸಬೇಡಿ.

ಮೊದಲ ಸಲಕ್ಕೆ ಟ್ರೂಮನ್ ಅಥವಾ ಕಾರ್ಟರ್ ತಗೊಳ್ಳಿ. ಎರಡನೇ ಸಲ ಮಕ್ಕಳಿಗೇ ಪೂರ್ತಿ ಬಿಟ್ಟುಕೊಡುವುದಾದರೆ ಗ್ರೋವರ್ ಕ್ಲೀವ್‌ಲ್ಯಾಂಡ್ ಒಳ್ಳೆಯದು. 1882ರ ಜನವರಿಯಲ್ಲಿ ಬಫಲೋ ಊರಿನ ಮೇಯರ್, 1883ರ ಜನವರಿಯಲ್ಲಿ ನ್ಯೂಯಾರ್ಕ್ ಗವರ್ನರ್, 1885ರ ಮಾರ್ಚ್‌ನಲ್ಲಿ ಅಧ್ಯಕ್ಷ. ಈ ಮೂರು ಸಾಲು ಮಾತ್ರ ಬರೆದು ಹಾಳೆ ಕೊಡಿ, ನಾಲ್ಕನೇ ಕಾಲಂ ಅವರು ತುಂಬಲಿ.